ಆಲ್ಫಾ 0.93 ಬಂದಿದೆ, ಆದ್ರೂ ಸರ್ವೆ ವ್ಯಾಲಿಡೇಟ್ ಆಗಿಲ್ಲ ಅಂತಾರೆ, ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ರಾಯಚೂರು ಜಿಲ್ಲೆಯ ಸರ್ಕಾರಿ ಶಾಲಾ ಶಿಕ್ಷಕರಿಗೆ ಡಿಜಿಟಲ್ ತಂತ್ರಜ್ಞಾನ ಎಷ್ಟರ ಮಟ್ಟಿಗೆ ಸಿಗ್ತಿದೆ ಅನ್ನೋದರ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ. ಒಟ್ಟು 42 ಪ್ರಶ್ನೆ, ಇಂಗ್ಲಿಷ್ ಸ್ಕೇಲ್ ಒಂದನ್ನ ಕನ್ನಡಕ್ಕೆ ಮಾಡ್ಕೊಂಡಿದ್ದು, ಕೆಲವು ನಾನೇ ಸೇರಿಸಿದ್ದು. ಗೂಗಲ್ ಫಾರ್ಮ್ ಮಾಡಿ ಶಿಕ್ಷಕರ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕ್ದೆ, 120 ಜನ ತುಂಬಿದ್ರು, ಕ್ರಾನ್‌ಬಾಕ್ ಆಲ್ಫಾ 0.93 ಬಂತು. ಗೈಡ್ ಸಾಕು ಅಂದ್ರು. ಆದ್ರೆ ಪ್ರೋಗ್ರೆಸ್ ಪ್ರೆಸೆಂಟೇಶನ್‌ನಲ್ಲಿ ಒಬ್ಬರು ಪ್ರೊಫೆಸರ್ 'ಇದು ರಿಲಯಬಿಲಿಟಿ ಅಷ್ಟೇ, ವ್ಯಾಲಿಡಿಟಿ ಎಲ್ಲಿದೆ?' ಅಂತ ಕೇಳಿದ್ರು. ಈಗ ಡೇಟಾ ಪೂರ್ತಿ ಬಿಸಾಕ್ಬೇಕಾ? ಏನ್ ಮಾಡ್ಲಿ?

ಉತ್ತರ:

ಬಿಸಾಕ್ಬೇಡಿ. ಆದ್ರೆ ಅದನ್ನ ನಿಮ್ಮ ಮುಖ್ಯ ಡೇಟಾ ಅಂತಾನೂ ಇಟ್ಕೋಬೇಡಿ, ಮೊದಲ ಸುತ್ತಿನ ಟ್ರೈ-ಔಟ್ ಅಂತ ಇಟ್ಕೊಳ್ಳಿ. ಆ ಪ್ರೊಫೆಸರ್ ಕೇಳಿದ್ದು ಸರಿಯಾದ ಪ್ರಶ್ನೆ, ಅವರು ಈಗಲೇ ಕೇಳಿದ್ದು ಒಳ್ಳೇದೇ ಆಯ್ತು, ವೈವಾದಲ್ಲಿ ಕೇಳಿದ್ದಿದ್ರೆ ಮಾಡೋಕೆ ಏನೂ ಉಳೀತಿರ್ಲಿಲ್ಲ.

ಮೊದಲು ಆ 0.93 ಅಂದ್ರೆ ಏನು ಅಂತ ನೋಡೋಣ, ಯಾಕಂದ್ರೆ ನಮ್ಮ ಕಡೆ ಶಿಕ್ಷಣದ ಪ್ರಬಂಧಗಳಲ್ಲಿ ಆಲ್ಫಾ ಒಂದು ಪಾಸ್ ಮಾರ್ಕ್ ಥರ ಆಗೋಗಿದೆ, 0.70 ದಾಟಿದ್ರೆ ಮುಗೀತು ಅನ್ನೋ ಹಾಗೆ. ಆಲ್ಫಾ ಹೇಳೋದು ಇಷ್ಟೇ, ನಿಮ್ಮ ಪ್ರಶ್ನೆಗಳಿಗೆ ಬಂದಿರೋ ಉತ್ತರಗಳು ಒಂದಕ್ಕೊಂದು ಜೊತೇಲಿ ಏರಿಳೀತಾವಾ ಅಂತ. ಅವು ಯಾವುದನ್ನ ಅಳೀತಿದಾವೆ ಅಂತ ಅದಕ್ಕೆ ಗೊತ್ತಿರಲ್ಲ. ಇನ್ನೊಂದು ವಿಷಯ, ಪ್ರಶ್ನೆಗಳ ಸಂಖ್ಯೆ ಜಾಸ್ತಿ ಆದಷ್ಟೂ ಆಲ್ಫಾ ತಾನಾಗೇ ಮೇಲೆ ಹೋಗುತ್ತೆ. ನಿಮ್ಮ ಲೆಕ್ಕಾನೇ ತಗೊಳ್ಳಿ. 42 ಪ್ರಶ್ನೆ ಇಟ್ಕೊಂಡು 0.93 ಬರೋಕೆ ಪ್ರಶ್ನೆ-ಪ್ರಶ್ನೆ ನಡುವಿನ ಸರಾಸರಿ ಕೋರಿಲೇಶನ್ ಬರೀ 0.24 ಇದ್ರೆ ಸಾಕು. ಅದೇ 0.24 ಇಟ್ಕೊಂಡು 10 ಪ್ರಶ್ನೆ ಮಾತ್ರ ಕೇಳಿದ್ರೆ ಆಲ್ಫಾ 0.76ಕ್ಕೆ ಇಳಿಯುತ್ತೆ. ಪ್ರಶ್ನೆಗಳ ನಡುವಿನ ನಂಟು ಎರಡರಲ್ಲೂ ಒಂದೇ, ಉದ್ದ ಮಾತ್ರ ಬೇರೆ. ಬಿಎಡ್‌ನಲ್ಲಿ ವಿಶ್ವಸನೀಯತೆ (ರಿಲಯಬಿಲಿಟಿ) ಬೇರೆ, ಸಪ್ರಮಾಣತೆ (ವ್ಯಾಲಿಡಿಟಿ, ಅಂದ್ರೆ ಅಳೀಬೇಕಾದ್ದನ್ನೇ ಅಳೀತಿದೆಯಾ ಅನ್ನೋದು) ಬೇರೆ ಅಂತ ಎರಡು ಮಾರ್ಕಿಗೆ ಬರೆದಿರ್ತೀವಿ, ಥೀಸಿಸ್ ಹೊತ್ತಿಗೆ ಮರ್ತಿರ್ತೀವಿ.

ಎರಡನೇದು, ನನಗೆ ಇದೇ ದೊಡ್ಡದು. ನೀವು ಅಳೀತಿರೋದು ಡಿಜಿಟಲ್ ಸೌಲಭ್ಯ ಸಿಗುತ್ತಾ ಇಲ್ವಾ ಅಂತ. ಉತ್ತರ ತಗೊಂಡಿದ್ದು ಗೂಗಲ್ ಫಾರ್ಮಲ್ಲಿ, ವಾಟ್ಸಾಪ್ ಮೂಲಕ. ಅಂದ್ರೆ ಸ್ಮಾರ್ಟ್‌ಫೋನ್ ಇರೋರು, ಆ ದಿನ ಡೇಟಾ ಪ್ಯಾಕ್ ಇದ್ದೋರು, ಸಿಗ್ನಲ್ ಸಿಗೋ ಊರಲ್ಲಿದ್ದೋರು, ಲಿಂಕ್ ಒತ್ತಿ ಫಾರ್ಮ್ ತುಂಬೋಕೆ ಬರೋರು, ಇಷ್ಟು ಜರಡಿ ದಾಟಿ ಬಂದೋರು ಮಾತ್ರ ನಿಮ್ಮ 120ರಲ್ಲಿದ್ದಾರೆ. ಯಾರಿಗೋಸ್ಕರ ಈ ಸಂಶೋಧನೆ ಮಾಡ್ತಿದ್ದೀರೋ, ಆ ಟೀಚರ್ ಅದರಲ್ಲಿ ಇಲ್ವೇ ಇಲ್ಲ. ರಿಟೈರ್ಮೆಂಟ್‌ಗೆ ಎರಡು ವರ್ಷ ಇರೋ, ಮಗನ ಫೋನಲ್ಲಿ ಗ್ರೂಪ್ ಮೆಸೇಜ್ ಓದಿಸ್ಕೊಳ್ಳೋ ಮೇಷ್ಟ್ರು ನಿಮ್ಮ ಸ್ಯಾಂಪಲ್‌ಗೆ ಬರೋಕೆ ದಾರೀನೇ ಇಲ್ಲ. ಯಾವ ಸ್ಟ್ಯಾಟಿಸ್ಟಿಕ್ಸೂ ಇದನ್ನ ಆಮೇಲೆ ಸರಿ ಮಾಡಲ್ಲ, ಮುಂದಿನ ಸುತ್ತು ಪೇಪರ್ ಮೇಲೇ ಆಗ್ಬೇಕು.

ಈಗ ನಿಮ್ಮ 42 ಪ್ರಶ್ನೆ. ನೀವು ಕಳಿಸಿದ್ದನ್ನ ಪೂರ್ತಿ ಓದಿದೆ. ಅದರಲ್ಲಿ ನಾಲ್ಕು ಬೇರೆ ಬೇರೆ ವಿಷಯ ಕಲಸಿಹೋಗಿದೆ. ಡಚ್ ವಿದ್ವಾಂಸ ಯಾನ್ ವಾನ್ ಡೈಕ್ ಡಿಜಿಟಲ್ ಅಂತರದ ಬಗ್ಗೆ ಬರೀತಾ ನಾಲ್ಕು ಮೆಟ್ಟಿಲು ಅಂತ ಬಿಡಿಸಿ ಹೇಳ್ತಾರೆ: ಬೇಕು ಅನ್ನೋ ಮನಸ್ಸು, ಕೈಗೆ ವಸ್ತು ಸಿಗೋದು, ಬಳಸೋ ಕೌಶಲ, ಕೊನೆಗೆ ನಿಜವಾದ ಬಳಕೆ. ನೀವೂ ಅದನ್ನೇ ಇಟ್ಕೊಳ್ಳಿ, ಆದ್ರೆ ನಾಲ್ಕನ್ನೂ ಕೂಡಿಸಿ ಒಂದು ಟೋಟಲ್ ಸ್ಕೋರ್ ಮಾಡ್ಬೇಡಿ. ಇಲ್ಲಿ ಬಹಳ ಜನ ಎಡವೋ ಒಂದು ಜಾಗ ಇದೆ. 'ಬೇಕು ಅನ್ನೋ ಮನಸ್ಸು' ಒಂದು ಸ್ಕೇಲ್ ಆಗಬಹುದು, ಒಳಗಿರೋ ಒಂದೇ ಮನೋಭಾವ ಹತ್ತು ಪ್ರಶ್ನೆಗಳಲ್ಲಿ ಹೊರಗೆ ಬರುತ್ತೆ, ಅಲ್ಲಿ ಆಲ್ಫಾ, ಫ್ಯಾಕ್ಟರ್ ಅನಾಲಿಸಿಸ್ (ಯಾವ ಪ್ರಶ್ನೆಗಳು ಒಂದೇ ಗುಂಪಾಗಿ ನಿಲ್ತಾವೆ ಅಂತ ನೋಡೋ ಲೆಕ್ಕ) ಎಲ್ಲ ಸರಿ. ಆದ್ರೆ 'ವಸ್ತು ಸಿಗೋದು' ಆ ಥರ ಅಲ್ಲ. ಮನೇಲಿ ಲ್ಯಾಪ್‌ಟಾಪ್ ಇದೆಯಾ, ಶಾಲೇಲಿ ಪ್ರೊಜೆಕ್ಟರ್ ಇದೆಯಾ, ಕರೆಂಟ್ ಎಷ್ಟು ಗಂಟೆ ಇರುತ್ತೆ, ಇವೆಲ್ಲ ಒಂದು ಗುಣದ ನೆರಳುಗಳಲ್ಲ, ಇವೇ ಕೂಡಿ ಸೌಲಭ್ಯ ಅನ್ನೋದು ಆಗೋದು. ಅಡುಗೆಮನೇಲಿ ಅಕ್ಕಿ ಇದೆಯಾ ಬೇಳೆ ಇದೆಯಾ ಗ್ಯಾಸ್ ಇದೆಯಾ ಅಂತ ಕೇಳಿ ಆ ಮೂರು ಉತ್ತರಕ್ಕೆ ಆಲ್ಫಾ ತೆಗೆದ ಹಾಗಾಗುತ್ತೆ. ಅಕ್ಕಿ ಇದ್ದು ಬೇಳೆ ಇಲ್ದೇ ಇರಬಹುದು, ಅದು ಪ್ರಶ್ನೆಯ ತಪ್ಪಲ್ಲ, ಮನೆಯ ಸ್ಥಿತಿ. ಹಾಗಾಗಿ ಈ ಭಾಗದಲ್ಲಿ ಆಲ್ಫಾ ಕಮ್ಮಿ ಬಂತು ಅಂತ ಪ್ರೊಜೆಕ್ಟರ್ ಪ್ರಶ್ನೆ ಕಿತ್ತಾಕಿದ್ರೆ ಬೇಕಾಗಿದ್ದ ವಿಷಯವನ್ನೇ ಕಿತ್ತಾಕಿದ ಹಾಗೆ. ಈ ಭಾಗದ ವ್ಯಾಲಿಡಿಟಿ ಬೇರೆ ಕಡೆಯಿಂದ ಬರ್ಬೇಕು: ಮುಖ್ಯವಾದ ಯಾವ ವಸ್ತುವೂ ಪಟ್ಟಿಯಿಂದ ಬಿಟ್ಟುಹೋಗಿಲ್ಲ ಅನ್ನೋದರಿಂದ, ಮತ್ತೆ ಟೀಚರ್ ಹೇಳಿದ್ದು ನಿಜಕ್ಕೂ ಅಲ್ಲಿದೆ ಅನ್ನೋದರಿಂದ.

ಸರ್ಕಾರದ ಅಂಕಿ ಅಂಶ ಇದೆಯಲ್ಲ, ಅದನ್ನೇ ಹಾಕ್ಕೊಂಡ್ರೆ ಆಗಲ್ವಾ ಅಂತ ಅನ್ನಿಸಬಹುದು. ಯುಡೈಸ್ ಪ್ಲಸ್ (ಶಾಲೆಗಳ ಮಾಹಿತಿ ಕಲೆಹಾಕೋ ಕೇಂದ್ರ ಸರ್ಕಾರದ ವ್ಯವಸ್ಥೆ) ಪ್ರಕಾರ 2023-24ರಲ್ಲಿ ದೇಶದ 57.2% ಶಾಲೆಗಳಲ್ಲಿ ಕಂಪ್ಯೂಟರ್, 53.9% ಶಾಲೆಗಳಲ್ಲಿ ಇಂಟರ್ನೆಟ್ ಇತ್ತು, 2024-25ಕ್ಕೆ ಅದು 64.7 ಮತ್ತು 63.5 ಆಯ್ತು. ಒಳ್ಳೇ ಬೆಳವಣಿಗೆ, ಆದ್ರೆ ಅದು ಶಾಲೆಯ ಲೆಕ್ಕ, ಟೀಚರ್ ಲೆಕ್ಕ ಅಲ್ಲ. ಶಾಲೇಲಿ ಒಂದು ಕಂಪ್ಯೂಟರ್ ಇದ್ದು ಅದು ಎಚ್‌ಎಂ ಟೇಬಲ್ ಮೇಲಿದ್ದು ಎಸ್‌ಎಟಿಎಸ್ (ಮಕ್ಕಳ ದಾಖಲೆ ಇಡೋ ರಾಜ್ಯದ ಆನ್‌ಲೈನ್ ವ್ಯವಸ್ಥೆ) ಎಂಟ್ರಿಗೆ ಮಾತ್ರ ಬಳಕೆ ಆಗ್ತಿದ್ರೂ ಆ ಶಾಲೆ 'ಇದೆ' ಅನ್ನೋ ಪಟ್ಟಿಗೇ ಸೇರುತ್ತೆ. ಆ 'ಇದೆ'ಗೂ ನಾಲ್ಕನೇ ಕ್ಲಾಸಿನ ಟೀಚರ್ ಕೈಗೂ ಇರೋ ದೂರಾನೇ ನಿಮ್ಮ ಥೀಸಿಸ್. ಅದನ್ನ ಹಿಡಿಯೋ ಪ್ರಶ್ನೆ ನಿಮ್ಮ ಹತ್ರ ಈಗ ಇಲ್ಲ.

ಯಾಕೆ ಇಲ್ಲ ಅಂತ ಹೇಳ್ತೀನಿ. ನಿಮ್ಮ 6ನೇ ಪ್ರಶ್ನೆ, 'ನಿಮ್ಮ ಶಾಲೆಯಲ್ಲಿ ಇಂಟರ್ನೆಟ್ ಸೌಲಭ್ಯ ಇದೆಯೇ? ಹೌದು / ಇಲ್ಲ.' ಕೆಲವು ವರ್ಷದ ಹಿಂದೆ ಇದೇ ಪ್ರಶ್ನೆ ಇಟ್ಕೊಂಡು ಒಂದು ಹಿರಿಯ ಪ್ರಾಥಮಿಕ ಶಾಲೇಲಿ ಕೂತಿದ್ದೆ. ಒಬ್ಬ ಮೇಡಂ ಹೌದು ಅಂತ ಟಿಕ್ ಹಾಕಿದ್ರು, ಪಕ್ಕದಲ್ಲಿದ್ದ ಸರ್ ಇಲ್ಲ ಅಂತ ಹಾಕಿದ್ರು. ಒಂದೇ ಶಾಲೆ, ಒಂದೇ ಸ್ಟಾಫ್ ರೂಮು. ಮೇಡಂನ ಕೇಳ್ದೆ, ಯಾವ ಇಂಟರ್ನೆಟ್ ಅಂತ. 'ನಂದೇ ಮೊಬೈಲ್ ಹಾಟ್‌ಸ್ಪಾಟ್ ರೀ, ದಿನಾ ಬಿಸಿಯೂಟದ ಲೆಕ್ಕ ಅದರಾಗೇ ಕಳಸ್ತೀವಲ್ರೀ' ಅಂದ್ರು. ಸರ್‌ನ ಕೇಳಿದ್ರೆ, 'ಅದು ಮೇಡಮ್ಮೋರ ಸ್ವಂತದ್ದು ರೀ, ಶಾಲೀದು ಎಲ್ಲೈತಿ?' ಇಬ್ರೂ ಸುಳ್ಳು ಹೇಳಿಲ್ಲ. ಪ್ರಶ್ನೇನೇ ಎರಡು ಪ್ರಶ್ನೆ ಆಗಿತ್ತು. ಮನೆಗೆ ಬಂದು ಅದನ್ನ ಒಡೆದು ಮೂರು ಮಾಡ್ದೆ: ಶಾಲೆಯ ಹೆಸರಲ್ಲಿ ಕನೆಕ್ಷನ್ ಇದೆಯಾ, ಕಳೆದ ವಾರ ಶಾಲೆ ಕೆಲಸಕ್ಕೆ ಇಂಟರ್ನೆಟ್ ಬಳಸಿದ್ರೆ ಯಾವುದರಿಂದ, ಅದರ ದುಡ್ಡು ಯಾರು ಕೊಟ್ರು. ಆ ಮೂರನೇ ಪ್ರಶ್ನೆಗೆ ಟೀಚರ್‌ಗಳು ಉತ್ತರ ಬರೆಯೋ ರೀತಿ ನೋಡ್ಬೇಕು ನೀವು, ಕೆಲವರು ಟಿಕ್ ಹಾಕಿ ಪಕ್ಕದಲ್ಲಿ ತಿಂಗಳಿಗೆ ಎಷ್ಟು ಅಂತಾನೂ ಬರೀತಾರೆ, ನಾವು ಕೇಳದೇ ಇದ್ರೂನೂ.

ಈ ಥರ ಒಬ್ಬೊಬ್ಬರ ಜೊತೆ ಕೂತು, ಪ್ರಶ್ನೆ ಓದಿ ನಿಮಗೇನು ಅನ್ನಿಸ್ತು, ಯಾವುದನ್ನ ನೆನಪು ಮಾಡ್ಕೊಂಡ್ರಿ, ಯಾಕೆ ಈ ಉತ್ತರ ಆರಿಸಿದ್ರಿ ಅಂತ ಬಾಯ್ಬಿಡಿಸೋದಕ್ಕೆ ಕಾಗ್ನಿಟಿವ್ ಇಂಟರ್ವ್ಯೂ ಅಂತಾರೆ. 10-12 ಜನ ಸಾಕು, ಆದ್ರೆ ಬೇರೆ ಬೇರೆ ಥರದವರು ಇರ್ಬೇಕು: ಏಕೋಪಾಧ್ಯಾಯ ಶಾಲೆಯವರು, ಹೈಸ್ಕೂಲ್ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಟೀಚರ್, ಉರ್ದು ಶಾಲೆಯವರು, ಅತಿಥಿ ಶಿಕ್ಷಕರು, 55 ದಾಟಿದವರು. ನಿಮ್ಮ ಇಡೀ ವ್ಯಾಲಿಡೇಶನ್‌ನಲ್ಲಿ ಒಂದೇ ಕೆಲಸ ಮಾಡೋಕೆ ಟೈಮ್ ಇದೆ ಅಂದ್ರೆ ಇದನ್ನೇ ಮಾಡಿ ಅಂತೀನಿ. ದುಡ್ಡು ಖರ್ಚಾಗಲ್ಲ, ಸಾಫ್ಟ್‌ವೇರ್ ಬೇಡ, ಒಂದು ನೋಟ್‌ಬುಕ್ಕು ತಾಳ್ಮೆ ಇದ್ರೆ ಆಯ್ತು.

ನಿಮ್ಮ ಫಾರ್ಮಲ್ಲಿ ನನಗೆ ಓದ್ತಾ ಇದ್ದಾಗಲೇ ಮುಳ್ಳು ಚುಚ್ಚಿದ ಹಾಗೆ ಅನ್ನಿಸಿದ ಕೆಲವು ಜಾಗ ಹೇಳ್ತೀನಿ. 'ಡಿಜಿಟಲ್ ತಂತ್ರಜ್ಞಾನಕ್ಕೆ ಪ್ರವೇಶ' ಅಂತ ನಾಲ್ಕು ಕಡೆ ಬರ್ದಿದ್ದೀರಿ. ಮೇಷ್ಟ್ರಿಗೆ ಪ್ರವೇಶ ಅಂದ್ರೆ ಜೂನ್ ತಿಂಗಳ ದಾಖಲಾತಿ, ಪ್ರವೇಶಾತಿ ರಿಜಿಸ್ಟರ್. ನೀವು ಬ್ಯಾಕ್ ಟ್ರಾನ್ಸ್‌ಲೇಶನ್ (ಕನ್ನಡದ್ದನ್ನ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸೋದು) ಮಾಡಿಸಿದ್ರೂ ಇದು ಸಿಕ್ಕಿಬೀಳಲ್ಲ, ಯಾಕಂದ್ರೆ ಇಂಗ್ಲಿಷ್ ಬಲ್ಲ ಅನುವಾದಕರು 'ಪ್ರವೇಶ'ವನ್ನ ಸಲೀಸಾಗಿ 'ಆಕ್ಸೆಸ್' ಅನ್ನೋ ಮೂಲ ಪದಕ್ಕೇ ತಿರುಗಿಸಿಬಿಡ್ತಾರೆ, ಎರಡೂ ಹೊಂದಿಕೆ ಆಯ್ತು ಅಂತ ರಿಪೋರ್ಟ್ ಬರುತ್ತೆ. ತಿರುಗಿಸೋದು ಸರಿಯಾಗಿದೆ, ಓದೋರಿಗೆ ಮಾತ್ರ ತಲುಪಿಲ್ಲ. 'ಬೇಕಾದಾಗ ಬಳಸೋಕೆ ಸಿಗುತ್ತೆ' ಅಂತ ಬರೀರಿ, ಮುಗೀತು.

ಆಮೇಲೆ 'ನನಗೆ ಕಂಪ್ಯೂಟರ್ ಬಳಸಲು ಭಯವಿಲ್ಲ' ಅಂತ ಕೊಟ್ಟು ಪೂರ್ಣ ಒಪ್ಪುತ್ತೇನೆಯಿಂದ ಒಪ್ಪುವುದಿಲ್ಲದ ತನಕ ಐದು ಆಯ್ಕೆ. ಭಯ ಇರೋರು 'ಭಯವಿಲ್ಲ ಅನ್ನೋದನ್ನ ನಾನು ಒಪ್ಪುವುದಿಲ್ಲ' ಅಂತ ತಲೇಲಿ ಎರಡು ಸಲ ತಿರುಗಿಸ್ಬೇಕು. ಸಂಜೆ ನಾಲ್ಕೂವರೆಗೆ ಬಸ್ಸಿಗೆ ಓಡೋ ಆತುರದಲ್ಲಿರೋರು ಅದನ್ನ ತಿರುಗಿಸಲ್ಲ, ಮೇಲಿನ ಸಾಲಲ್ಲಿ ಹಾಕಿದ ಕಡೇನೇ ಇಲ್ಲೂ ಟಿಕ್ ಹಾಕ್ತಾರೆ. ಫ್ಯಾಕ್ಟರ್ ಅನಾಲಿಸಿಸ್‌ನಲ್ಲಿ ಈ 'ಇಲ್ಲ' ಪ್ರಶ್ನೆಗಳೆಲ್ಲ ಸೇರಿ ಬೇರೇನೇ ಒಂದು ಫ್ಯಾಕ್ಟರ್ ಆಗಿ ಬರುತ್ತೆ, ಅದಕ್ಕೆ 'ಆತಂಕ' ಅಂತ ಚೆಂದದ ಹೆಸರಿಟ್ಟು ಚಾಪ್ಟರ್ ಬರೆದಿರೋರನ್ನ ನೋಡಿದ್ದೀನಿ. 'ತಟಸ್ಥ' ಅನ್ನೋ ನಡುವಿನ ಆಯ್ಕೆನೂ ಅಷ್ಟೇ, ಕೆಲವರಿಗೆ ಅದು ಗೊತ್ತಿಲ್ಲ ಅಂತ, ಕೆಲವರಿಗೆ ನನಗೆ ಅನ್ವಯಿಸಲ್ಲ ಅಂತ, ಇನ್ನು ಕೆಲವರಿಗೆ ಯಾಕಪ್ಪ ಬೇಕು ತಂಟೆ ಅಂತ. 'ಅನ್ವಯಿಸುವುದಿಲ್ಲ' ಅನ್ನೋದನ್ನ ಬೇರೆ ಕಾಲಮ್ಮೇ ಮಾಡಿ.

'ಆಗಾಗ್ಗೆ', 'ಕೆಲವೊಮ್ಮೆ', 'ಅಪರೂಪಕ್ಕೆ' ಬದಲು ಕಳೆದ 7 ದಿನದಲ್ಲಿ ಎಷ್ಟು ದಿನ ಅಂತ ಕೇಳಿ. ಮತ್ತೆ 'ನಾನು ದೀಕ್ಷಾ ಬಳಸುತ್ತೇನೆ' ಅನ್ನೋದು. ದೀಕ್ಷಾ, ಅಂದ್ರೆ ಪಾಠ, ತರಬೇತಿ ಸಿಗೋ ಸರ್ಕಾರಿ ಆನ್‌ಲೈನ್ ವೇದಿಕೆ, 2017ರಿಂದ ಇದೆ, 2020ರಲ್ಲಿ ಶಿಕ್ಷಕರ ನಿಷ್ಠಾ ತರಬೇತಿ ಆನ್‌ಲೈನ್ ಆಗಿ 18 ಮಾಡ್ಯೂಲ್ ಅದರಲ್ಲೇ ಬಂತು. ಸರ್ಟಿಫಿಕೇಟ್‌ಗೋಸ್ಕರ ಲಾಗಿನ್ ಆದೋರು ಮತ್ತೆ ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮಕ್ಕಳಿಗೆ ವಿಡಿಯೋ ತೋರಿಸಿದೋರು ಇಬ್ರೂ 'ಬಳಸುತ್ತೇನೆ' ಅಂತಾನೇ ಟಿಕ್ ಹಾಕ್ತಾರೆ. ಮೇಲಿನ ಆದೇಶಕ್ಕೆ ಮಾಡಿದ ಬಳಕೆ, ಪಾಠಕ್ಕೆ ಮಾಡಿದ ಬಳಕೆ, ಇವೆರಡನ್ನ ಬೇರ್ಪಡಿಸದೇ ಇದ್ರೆ ನಿಮ್ಮ 'ಬಳಕೆ' ಭಾಗ ಪೂರ್ತಿ ಡೇಟಾ ಎಂಟ್ರಿಯ ಲೆಕ್ಕ ಆಗಿಬಿಡುತ್ತೆ.

ಕೌಶಲದ ಪ್ರಶ್ನೆಗಳಲ್ಲಿ 'ಕನ್ನಡದಲ್ಲಿ ಟೈಪ್ ಮಾಡಬಲ್ಲೆ' ಅಂತಿದೆ. ಫೋನಲ್ಲಿ ಬಾಯಲ್ಲಿ ಹೇಳಿ ಬರೆಸೋರೂ ಹೌದು ಅಂತಾರೆ, ನುಡಿ ಸಾಫ್ಟ್‌ವೇರಲ್ಲಿ ಪ್ರಶ್ನೆಪತ್ರಿಕೆ ಮಾಡೋರೂ ಹೌದು ಅಂತಾರೆ, ನುಡಿ ಬಂದೂ ಯೂನಿಕೋಡ್ ಅಂದ್ರೆ ಏನು ಅಂತ ಗೊತ್ತಿಲ್ದೆ ಮೇಲ್ ಮಾಡಿದ ಫೈಲು ಆ ಕಡೆ ಚುಕ್ಕಿ ಗೆರೆ ಆಗಿ ತೆರೆದುಕೊಂಡಾಗ ಒದ್ದಾಡೋರೂ ಹೌದು ಅಂತಾನೇ ಅಂತಾರೆ. 'ಬಲ್ಲೆ' ಅನ್ನೋದರ ಬದಲು 'ಕಳೆದ ಒಂದು ತಿಂಗಳಲ್ಲಿ ಯಾರ ಸಹಾಯವೂ ಇಲ್ಲದೆ ಮಾಡಿದ್ದೀನಿ' ಅಂತ ಕೇಳಿ. ಸಾಧ್ಯ ಆದ್ರೆ 30 ಜನಕ್ಕೆ ಒಂದು ಚಿಕ್ಕ ಕೆಲಸ ಕೊಟ್ಟು ನೋಡಿ, ಎರಡು ಹಾಳೆ ಫೋಟೋ ತೆಗೆದು ಒಂದೇ ಪಿಡಿಎಫ್ ಮಾಡಿ ಕಳಿಸಿ ಅಂತ. ಅವರು ಸರ್ವೇಲಿ ಕೊಟ್ಕೊಂಡ ಸ್ಕೋರಿಗೂ ಈ ಕೆಲಸಕ್ಕೂ ಹೊಂದಿಕೆ ಇದೆಯಾ ನೋಡಿದ್ರೆ ಅದು ಗಟ್ಟಿ ಸಾಕ್ಷಿ. ಆದ್ರೆ ಪರೀಕ್ಷೆ ಥರ ಮಾಡ್ಬೇಡಿ, ಮೇಷ್ಟ್ರಿಗೆ ಪರೀಕ್ಷೆ ಇಡ್ತಿದ್ದಾರೆ ಅನ್ನಿಸಿದ ಕೂಡಲೇ ಮಾತು ನಿಂತುಹೋಗುತ್ತೆ.

ಪ್ರಶ್ನೆಗಳು ಒಂದು ರೂಪಕ್ಕೆ ಬಂದ ಮೇಲೆ ತಜ್ಞರಿಗೆ ಕೊಡಿ. 8 ಜನ ಇಟ್ಕೊಳ್ಳಿ, ಎಲ್ಲರೂ ಯೂನಿವರ್ಸಿಟಿಯವರೇ ಬೇಡ, ಡಯಟ್ (ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ) ಉಪನ್ಯಾಸಕರು ಒಬ್ಬಿಬ್ರು, ಒಬ್ಬ ಸಿಆರ್‌ಪಿ (ಕ್ಲಸ್ಟರ್ ಅಂದ್ರೆ ಅಕ್ಕಪಕ್ಕದ ಶಾಲೆಗಳ ಗುಂಪು ನೋಡ್ಕೊಳ್ಳೋ ಸಂಪನ್ಮೂಲ ವ್ಯಕ್ತಿ), ಮತ್ತೆ ಖಂಡಿತ ಇಬ್ರು ಕ್ಲಾಸಲ್ಲಿ ಪಾಠ ಮಾಡೋ ಟೀಚರ್. ಪ್ರತಿ ಪ್ರಶ್ನೆಗೂ 'ಇರಲೇಬೇಕು', 'ಇದ್ರೆ ಒಳ್ಳೇದು', 'ಬೇಡ' ಅಂತ ಹಾಕ್ಲಿ. ತಜ್ಞರ ಒಪ್ಪಿಗೆ ಅಳೆಯೋಕೆ ಲಾಶೆ ಅನ್ನೋ ಸಂಶೋಧಕ 1975ರಲ್ಲಿ ಕೊಟ್ಟ ಸೂತ್ರ ಸುಲಭ: 'ಇರಲೇಬೇಕು' ಅಂದೋರ ಸಂಖ್ಯೆಯಿಂದ ಒಟ್ಟು ಜನರ ಅರ್ಧ ಕಳೀರಿ, ಬಂದದ್ದನ್ನ ಆ ಅರ್ಧದಿಂದ ಭಾಗಿಸಿ. 8ರಲ್ಲಿ 7 ಜನ ಹೇಳಿದ್ರೆ 0.75, ಅವರ ಕೋಷ್ಟಕದಲ್ಲಿ 8 ಜನಕ್ಕೆ ಬೇಕಾದ ಕನಿಷ್ಠವೂ ಅಷ್ಟೇ. 6 ಜನ ಹೇಳಿದ್ರೆ 0.50, ಸಾಲಲ್ಲ. ಆದ್ರೆ ನಂಬರ್ ನೋಡಿ ಕುರುಡಾಗಿ ಕಿತ್ತಾಕ್ಬೇಡಿ, ಪ್ರೊಫೆಸರ್‌ಗಳೆಲ್ಲ ಬೇಡ ಅಂದು ಇಬ್ರು ಟೀಚರ್ ಮಾತ್ರ ಬೇಕು ಅಂದ ಪ್ರಶ್ನೆ ಇದ್ರೆ ಫೋನ್ ಮಾಡಿ ಯಾಕೆ ಅಂತ ಕೇಳಿ. ಯುಪಿಎಸ್ ಬ್ಯಾಟರಿ ಬಗ್ಗೆ ಒಂದು ಪ್ರಶ್ನೆ ಹೀಗೇ ಉಳ್ಕೊಂಡಿತ್ತು ನಮ್ಮ ಒಂದು ಸರ್ವೇಲಿ, ಆಮೇಲೆ ನೋಡಿದ್ರೆ ಲ್ಯಾಬ್ ಇದ್ದೂ ಬಾಗಿಲು ತೆಗೆಯದೇ ಇದ್ದ ಶಾಲೆಗಳಲ್ಲಿ ಮೊದಲ ಕಾರಣ ಸತ್ತ ಬ್ಯಾಟರೀನೇ ಆಗಿತ್ತು.

ಪೇಪರ್ ಫಾರ್ಮ್ ತುಂಬಿಸೋಕೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ ಒಳ್ಳೇ ಜಾಗ, ಎಲ್ಲರೂ ಒಂದೇ ಕಡೆ ಸಿಗ್ತಾರೆ. ಆದ್ರೆ ಸಿಆರ್‌ಪಿ ಕೈಯಲ್ಲಿ ಹಂಚಿಸಿ ವಾಪಸ್ ಕಲೆಕ್ಟ್ ಮಾಡಿಸ್ಬೇಡಿ. 'ಇದು ಬಿಇಒ ಆಫೀಸಿಗೆ ಹೋಗ್ತದೇನ್ರೀ?' ಅನ್ನೋ ಪ್ರಶ್ನೆ ಬಂದೇ ಬರುತ್ತೆ, ಆ ಅನುಮಾನ ಎರಡು ಕಡೆ ಎಳೆಯುತ್ತೆ. ಪ್ರೊಜೆಕ್ಟರ್ ಬಳಸಲ್ಲ ಅಂದ್ರೆ ಯಾಕೆ ಬಳಸಿಲ್ಲ ಅಂತ ನೋಟಿಸ್ ಬರಬಹುದು ಅಂತ ಕೆಲವರು ಜಾಸ್ತಿ ಹೇಳ್ತಾರೆ, ಕಂಪ್ಯೂಟರ್ ಚೆನ್ನಾಗಿ ಬರುತ್ತೆ ಅಂದ್ರೆ ಇಡೀ ಕ್ಲಸ್ಟರ್‌ನ ಎಂಟ್ರಿ ಕೆಲಸ ತಲೆಮೇಲೆ ಬೀಳುತ್ತೆ ಅಂತ ಕೆಲವರು ಕಮ್ಮಿ ಹೇಳ್ತಾರೆ. ಎರಡೂ ನ್ಯಾಯವಾದ ಭಯಾನೇ, ಅವರನ್ನ ದೂರೋ ಹಾಗಿಲ್ಲ. ಹೆಸರು ಕೇಳ್ಬೇಡಿ, ಮೊಬೈಲ್ ನಂಬರ್ ಕೇಳ್ಬೇಡಿ, ಫಾರ್ಮಿನ ಮೇಲೆ ಯುಡೈಸ್ ಕೋಡ್ ಬರೆಸ್ಬೇಡಿ, ಶಾಲೆಗೆ ನಿಮ್ಮದೇ ಒಂದು ಗುಪ್ತ ನಂಬರ್ ಕೊಟ್ಕೊಳ್ಳಿ. ತುಂಬಿದ ಮೇಲೆ ಅವರೇ ಕವರಿಗೆ ಹಾಕಿ ಅಂಟಿಸಿ ಡಬ್ಬಿಗೆ ಹಾಕ್ಲಿ.

ಎಷ್ಟು ಜನ ಬೇಕು? ಫ್ಯಾಕ್ಟರ್ ಅನಾಲಿಸಿಸ್‌ಗೆ 300ರ ಸುತ್ತ ಇದ್ರೆ ನೆಮ್ಮದಿ, ಅದನ್ನ ಖಚಿತಪಡಿಸೋಕೆ ಸಿಎಫ್ಎ (ಕನ್ಫರ್ಮೇಟರಿ ಫ್ಯಾಕ್ಟರ್ ಅನಾಲಿಸಿಸ್) ಮಾಡ್ತೀರಿ ಅಂದ್ರೆ ಬೇರೆ ಜನರ ಇನ್ನೊಂದು ಸ್ಯಾಂಪಲ್ ಬೇಕು, ಅದೇ ಡೇಟಾದ ಮೇಲೆ ಎರಡನ್ನೂ ಮಾಡಿ ಹೊಂದಿಕೆ ಆಯ್ತು ಅನ್ನೋದು ಸರಿಯಲ್ಲ. ಇದನ್ನ ಮನಸ್ಸು ಮತ್ತೆ ಕೌಶಲದ ಭಾಗಕ್ಕೆ ಮಾತ್ರ ಮಾಡಿ. ಐದು ಆಯ್ಕೆಯ ಪ್ರಶ್ನೆಗಳಾದ್ರಿಂದ ಪಾಲಿಕೋರಿಕ್ ಕೋರಿಲೇಶನ್ (ಆಯ್ಕೆಗಳನ್ನ ಅಳತೆ ಅಂತಲ್ಲ, ಬರೀ ಕ್ರಮ ಅಂತ ಹಿಡಿಯೋ ಲೆಕ್ಕ) ಬಳಸಿ, ಎಷ್ಟು ಫ್ಯಾಕ್ಟರ್ ಅನ್ನೋದನ್ನ ಪ್ಯಾರಲಲ್ ಅನಾಲಿಸಿಸ್‌ನಿಂದ (ಯಾದೃಚ್ಛಿಕ ಡೇಟಾ ಜೊತೆ ಹೋಲಿಸಿ ನೋಡೋದು) ತೀರ್ಮಾನಿಸಿ, ಐಗನ್ ವ್ಯಾಲ್ಯೂ (ಒಂದು ಫ್ಯಾಕ್ಟರ್ ಎಷ್ಟು ವ್ಯತ್ಯಾಸ ವಿವರಿಸುತ್ತೆ ಅನ್ನೋ ಸಂಖ್ಯೆ) 1 ದಾಟಿದ್ದೆಲ್ಲ ಫ್ಯಾಕ್ಟರ್ ಅಂತ ಹಿಡ್ಕೊಂಡ್ರೆ ಬೇಕಿರೋದಕ್ಕಿಂತ ಜಾಸ್ತಿ ಬರುತ್ತೆ. ಆಲ್ಫಾ ಜೊತೆ ಒಮೆಗಾನೂ (ಅದೇ ಥರದ ಇನ್ನೊಂದು ರಿಲಯಬಿಲಿಟಿ ಅಳತೆ) ಕೊಡಿ, ಪ್ರತಿ ಭಾಗಕ್ಕೆ ಬೇರೆ ಬೇರೆ.

ಒಂದು ವಿಷಯ ನಿಮ್ಮ ಗೈಡ್‌ಗೂ ತೋರಿಸಿ. ಒಂದೇ ಶಾಲೆಯ ಐದು ಜನ ಟೀಚರ್ ತುಂಬಿದ್ರೆ ಅವು ಐದು ಸ್ವತಂತ್ರ ಉತ್ತರ ಅಲ್ಲ, ಎಲ್ಲರಿಗೂ ಇರೋದು ಅದೇ ಒಂದು ಲ್ಯಾಬು, ಅದೇ ಕರೆಂಟು. ಒಂದೇ ಶಾಲೆಯವರ ಉತ್ತರಗಳ ನಡುವಿನ ಹೋಲಿಕೆ 0.3 ಇದೆ ಅಂತ ಇಟ್ಕೊಂಡ್ರೆ, ಶಾಲೆಗೆ ಐದು ಜನರ ಲೆಕ್ಕದಲ್ಲಿ ನಿಮ್ಮ 300 ಜನ ಸರಿಸುಮಾರು 136 ಜನರಷ್ಟೇ ಮಾಹಿತಿ ಕೊಡ್ತಾರೆ. ಹಾಗಾಗಿ ಕಮ್ಮಿ ಶಾಲೆಯಿಂದ ಜಾಸ್ತಿ ಜನ ಬೇಡ, ಜಾಸ್ತಿ ಶಾಲೆಯಿಂದ ಕಮ್ಮಿ ಜನ ತಗೊಳ್ಳಿ.

ಕೊನೇದಾಗಿ, ಶಾಲೆಗೆ ಹೋಗಿ ನೋಡೋದು. 30 ಶಾಲೆ ಆರಿಸ್ಕೊಳ್ಳಿ, ಟೀಚರ್ 'ಉಪಯೋಗಕ್ಕೆ ಬರೋ ಕಂಪ್ಯೂಟರ್ ಇದೆ' ಅಂದದ್ದನ್ನ ನೀವೇ ಸ್ವಿಚ್ ಹಾಕಿ ನೋಡಿ. ಉದಾಹರಣೆಗೆ 12 ಕಡೆ ಇಬ್ರದ್ದೂ ಇದೆ, 9 ಕಡೆ ಇಬ್ರದ್ದೂ ಇಲ್ಲ, 8 ಕಡೆ ಅವರು ಇದೆ ಅಂದದ್ದು ನಿಮಗೆ ಕಾಣಲಿಲ್ಲ, 1 ಕಡೆ ಅವರು ಇಲ್ಲ ಅಂದದ್ದು ನಿಮಗೆ ಸಿಕ್ತು ಅಂತ ಇಟ್ಕೊಳ್ಳಿ. 30ಕ್ಕೆ 21, ಅಂದ್ರೆ 70% ಹೊಂದಿಕೆ, ಕೇಳೋಕೆ ಚೆನ್ನಾಗಿದೆ. ಆದ್ರೆ ಕಾಕತಾಳೀಯವಾಗಿ ಆಗೋ ಹೊಂದಿಕೆ ಕಳೆದು ಕೋಹೆನ್ ಕಪ್ಪಾ ತೆಗೆದ್ರೆ 0.43ರ ಹತ್ರ ಬರುತ್ತೆ, ಸಾಧಾರಣ ಅಷ್ಟೇ. ಆಗ ಆ 8 ಶಾಲೆಯ ಟೀಚರ್ ಹತ್ರ ಇನ್ನೊಂದ್ಸಲ ಕೂತ್ಕೊಳ್ಳಿ. ನಾನು ಹೋದ ಒಂದು ಶಾಲೇಲಿ ಕಂಪ್ಯೂಟರ್ ನಿಜವಾಗ್ಲೂ ಇತ್ತು, ಬೀರುವಿನೊಳಗೆ, ಬಂದಾಗ ಸುತ್ತಿದ್ದ ಪ್ಲಾಸ್ಟಿಕ್ ಕವರ್ ಸಮೇತ, ಬೀಗದ ಕೈ ವರ್ಗಾವಣೆ ಆದ ಹಳೇ ಎಚ್‌ಎಂ ಹತ್ರ ಉಳ್ಕೊಂಡಿತ್ತು. ಟೀಚರ್ 'ಇದೆ' ಅಂತ ಹಾಕಿದ್ದು ಅದನ್ನ ನೆನೆಸ್ಕೊಂಡು. ಆ ದಿನದಿಂದ ನನ್ನ ಎಲ್ಲಾ ಫಾರ್ಮಲ್ಲೂ 'ಬೀಗ ಯಾರ ಹತ್ರ ಇರುತ್ತೆ' ಅನ್ನೋ ಪ್ರಶ್ನೆ ಇದೆ, ಯಾವ ಇಂಗ್ಲಿಷ್ ಸ್ಕೇಲಲ್ಲೂ ನನಗೆ ಅದು ಸಿಕ್ಕಿರಲಿಲ್ಲ.

ಥೀಸಿಸ್‌ನಲ್ಲಿ ಬರೆಯುವಾಗ 'ಸಾಧನದ ವ್ಯಾಲಿಡಿಟಿ ಸ್ಥಾಪಿಸಲಾಗಿದೆ' ಅಂತ ಒಂದೇ ಸಾಲಲ್ಲಿ ಮುಗಿಸ್ಬೇಡಿ. 42ರಲ್ಲಿ ಯಾವ ಪ್ರಶ್ನೆ ಯಾಕೆ ಹೋಯ್ತು, ಯಾವುದು ಹೇಗೆ ಬದಲಾಯ್ತು, ಹಳೇ ಮಾತು ಹೊಸ ಮಾತು ಪಕ್ಕಪಕ್ಕ ಒಂದು ಕೋಷ್ಟಕ ಮಾಡಿ ಅನುಬಂಧಕ್ಕೆ ಹಾಕಿ. ವಾಟ್ಸಾಪ್‌ನಲ್ಲಿ ಬಂದ 120ನ್ನ ಅಲ್ಲೇ ಮೊದಲ ಹಂತ ಅಂತ ಪ್ರಾಮಾಣಿಕವಾಗಿ ಬರೀರಿ, ಪೇಪರ್ ಡೇಟಾ ಬಂದ ಮೇಲೆ ಎರಡನ್ನೂ ಹೋಲಿಸಿದ್ರೆ ಅದೇ ಒಂದು ಒಳ್ಳೇ ಫಲಿತಾಂಶ ಆಗುತ್ತೆ, ಯಾಕಂದ್ರೆ ಆನ್‌ಲೈನ್ ಸರ್ವೆ ಎಷ್ಟು ಜನರನ್ನ ಬಿಟ್ಟುಬಿಡುತ್ತೆ ಅಂತ ನಿಮ್ಮದೇ ಜಿಲ್ಲೆಯ ಲೆಕ್ಕದಲ್ಲಿ ತೋರಿಸಿದ ಹಾಗಾಗುತ್ತೆ. ದಸರಾ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ ಬೇಡ, ಎಲ್ಲರೂ ಮೌಲ್ಯಮಾಪನದ ಎಂಟ್ರಿಯಲ್ಲಿ ಮುಳುಗಿರ್ತಾರೆ, ಅದು ಮುಗಿದ ಮೇಲೆ ಇಂಟರ್ವ್ಯೂ ಶುರು ಮಾಡಿ. ಮೊದಲ ಐದು ಇಂಟರ್ವ್ಯೂ ನೋಟ್ಸ್ ಆದ ಕೂಡಲೇ ನನಗೆ ಕಳಿಸಿ, ಪ್ರಶ್ನೆ ತಿದ್ದೋಕೆ ಇಬ್ರೂ ಕೂತ್ಕೊಳ್ಳೋಣ.